ಬಾವಿಯ ಉಸಿರು

ನಮ್ಮೂರು ಭಾತಂಬ್ರಾದ ಬಾವಿಯಲ್ಲಿ ಅಪ್ಪ ನನಗೂ ತಮ್ಮನಿಗೂ ಈಜು ಕಲಿಸಿದ್ದು ಹೊಡೆದೇ. ತಲೆ ಹಿಡಿದು ನೀರಿನಲ್ಲಿ ಅದುಮುತ್ತಿದ್ದ. ಬಾಯಿಂದ ಒಂದು ಗುಳ್ಳೆ ಬಂದರೂ ಮೇಲೆಳೆದು ಕೆನ್ನೆಗೆ ಬಾರಿಸುತ್ತಿದ್ದ. "ಉಸಿರು ಬಿಟ್ಟಿ ಅಂದ್ರ ಸತ್ತಿ, ಮಗನ!" ತಮ್ಮ ನನಗಿಂತ ಗಟ್ಟಿಯಾದ. ಬಾವಿಗೆ ಬಿದ್ದ ಕೊಡ, ಪಂಪು, ಒಮ್ಮೊಮ್ಮೆ ಹೆಣ, ಎಲ್ಲ ಅವನೇ ಮುಳುಗಿ ತರುತ್ತಿದ್ದ. ಔರಾದ್ ಕಡೆಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು.

ಬರದಲ್ಲಿ ಬಾವಿಗಳು ಬತ್ತಿದವು. ಅವನಿಗೆ ಇಳಿಯಲು ನೀರೇ ಉಳಿಯಲಿಲ್ಲ. ಮುಂಬೈಗೆ ಹೊರಟವರ ಜೊತೆ ಹೋದವನು ಅಲ್ಲಿಂದ ಅಂಡಮಾನಿನ ಹಡಗೊಂದನ್ನು ಸೇರಿದ. ಪ್ರವಾಸಿಗರು ಅದರಲ್ಲೇ ಉಂಡು ಮಲಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮೀನು ನೋಡಲು ಇಳಿಯುತ್ತಿದ್ದರು. ಇವನು ಮೊದಮೊದಲು ಸಿಲಿಂಡರ್ ತುಂಬುತ್ತಿದ್ದ, ಆಮೇಲೆ ಅವರ ಜೊತೆ ತಾನೂ ಇಳಿದ. ಒಂದು ದಿನ ಸುದ್ದಿ ಬಂತು: ನೀರಿನಿಂದ ಮೇಲೆದ್ದವನೇ ರಕ್ತ ಕಾರಿ ಸತ್ತ.

"ಬಾವ್ಯಾಗ ಮುಳುಗದವ ಬಾಟ್ಲ್ಯಾಗ ಮುಳುಗ್ಯಾನ," ಎಂದ ಊರಿನ ಚಹಾ ಅಂಗಡಿಯವನು. ಜನ ನಕ್ಕರು. ಆ ಮಾತು ಅವ್ವನ ಕಿವಿಗೂ ಬಿತ್ತು.

"ನನ್ನ ಕೂಸು ಕುಡದಿಲ್ಲ. ಹ್ಯಾಂಗ ಸತ್ತ, ಕೇಳ್ಕೊಂಡು ಬಾ," ಎಂದಳು.

ಬೀದರದಿಂದ ರೈಲು ಹತ್ತಿ, ಕಡಲು ದಾಟಿ ಅಂಡಮಾನ್ ಸೇರಿದೆ. ತಮ್ಮ ದುಡಿದ ಹಡಗಿನ ಮಾಲೀಕ ನನ್ನನ್ನೂ ಹತ್ತಿಸಿಕೊಂಡ. ತಮ್ಮನಿಗೆ ಕೆಲಸ ಕಲಿಸಿದ ಹೆಂಗಸು, ನಾನು ಹಟ ಹಿಡಿದಾಗ, ದಂಡೆಯ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸಿ, ಅವನು ಸತ್ತ ಜಾಗದಲ್ಲಿ ಕೈ ಹಿಡಿದು ಇಳಿಸಿದಳು. ಹಿಂದಿಯಲ್ಲಿ ಒಂದೇ ಮಾತು ಒತ್ತಿ ಒತ್ತಿ ಹೇಳಿದ್ದಳು: ಏನೇ ಆಗಲಿ, ಉಸಿರು ಹಿಡಿಯಬೇಡ.

ಕೆಳಗೆ ಹವಳದ ಸಂದಿಯಿಂದ ಹಾವಿನಂಥ ಮೀನೊಂದು ಆಕ್ಟೋಪಸ್ಸಿಗೆ ಬಾಯಿ ಹಾಕಿ, ಮೈ ತಿರುಚಿ ಒಂದು ತೋಳನ್ನು ಕಿತ್ತಿತು. ಕಿತ್ತ ತೋಳು ಬಂಡೆಗೆ ಅಂಟಿಕೊಂಡೇ ಹೊರಳುತ್ತಿತ್ತು. ಆಕ್ಟೋಪಸ್ ಉಗುಳಿದ ಮಸಿ ಕವಿಯಿತು. ಅದರೊಳಗಿಂದ ದೊಡ್ಡ ಮೀನುಗಳು ಸಣ್ಣವನ್ನು ಹರಿಯುತ್ತ ನುಗ್ಗಿ ಬಂದವು. ಒಂದರ ಬಾಲ ಬಡಿದು ನನ್ನ ಕಣ್ಣು, ಮೂಗು ಮುಚ್ಚಿದ್ದ ಮಾಸ್ಕ್ ಕಳಚಿತು. ಉಪ್ಪುನೀರು ಕಣ್ಣಿಗೂ ಮೂಗಿಗೂ ಹೊಕ್ಕಿತು.

ಸಿಲಿಂಡರಿನ ಕೊಳವೆಯಿಂದ ಎದೆ ತುಂಬ ಗಾಳಿ ಎಳೆದೆ, ಬಾಯಿ ಬಿಗಿದೆ, ಬಂಡೆಯನ್ನು ಒದ್ದು ಮೇಲಕ್ಕೆ ಹಾರಿದೆ.

ಅವಳು ಕಾಲು ಹಿಡಿದು ಎಳೆದಳು. ಹೊಟ್ಟೆಗೆ ಗುದ್ದಿದಳು. ಹಿಡಿದ ಉಸಿರು ಹೊರಬೀಳುವವರೆಗೂ ಗುದ್ದಿದಳು.

ಹಡಗಿನ ಮೇಲೆ ಬಿದ್ದು ವಾಂತಿ ಮಾಡುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು ಹೇಳಿದಳು: "ನಿನ್ನ ತಮ್ಮನೂ ಹೀಗೇ. ಗಾಬರಿಬಿದ್ದ ಪ್ರವಾಸಿಯೊಬ್ಬ ಅವನ ಮಾಸ್ಕ್ ಕಿತ್ತ. ನಿನ್ನ ತಮ್ಮ ಬಾಯಿ ಬಿಗಿದು ಮೇಲಕ್ಕೆ ಹಾರಿಬಿಟ್ಟ. ಕಾಲು ನನ್ನ ಕೈಗೆ ಸಿಗಲಿಲ್ಲ."

ಬಾವಿಯೊಳಗೆ ನಾವು ಎದೆಯಲ್ಲಿ ಒಯ್ಯುವುದು ಮೇಲಿನ ಗಾಳಿ, ಹಿಡಿದರೆ ಏನೂ ಆಗದು. ಆಳದಲ್ಲಿ ಸಿಲಿಂಡರಿನಿಂದ ಎಳೆದ ಗಾಳಿ ಮೇಲೇರಿದಂತೆ ಹಿಗ್ಗುತ್ತದೆ. ಬಿಡದಿದ್ದರೆ ಶ್ವಾಸಕೋಶ ಹರಿದುಹೋಗುತ್ತದೆ.

"ಕುಡಿದಿದ್ದನಾ?" ಎಂದೆ.

"ಮುಟ್ಟುತ್ತಲೂ ಇರಲಿಲ್ಲ."

ಊರಿಗೆ ಮರಳಿ ಹೇಳಿದಾಗ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ನೇರ ಚಹಾ ಅಂಗಡಿಗೆ ನಡೆದಳು. ಅಂಗಡಿಯವನ ಕೊರಳಪಟ್ಟಿ ಹಿಡಿದು ಒಲೆಯ ಮೇಲೆ ಬಾಗಿಸಿದಳು. ಚಹಾ ಚೆಲ್ಲಿ ಅವಳ ಕೈ ಸುಟ್ಟಿತು.

"ಈ ದೊಡ್ಡಾವ್ನ ಹೊಟ್ಟಿಗಿ ಗುದ್ದಿ ಉಳಿಸ್ಯಾರ. ನನ್ನ ಕೂಸಿಗಿ ಗುದ್ದಾಕ ಯಾರೂ ಸಿಗಲಿಲ್ಲೋ! ಈಗ ಅನ್ನು, ಕುಡದು ಸತ್ತ ಅಂತ ಅನ್ನು!"

"ತಪ್ಪಾತು ಅವ್ವಾ, ಬಿಡರಿ," ಎಂದ ಅವನು.

ಅವ್ವ ಬಿಡಲಿಲ್ಲ. ಸುಟ್ಟ ಬೆರಳುಗಳನ್ನು ನಾವೇ ಒಂದೊಂದಾಗಿ ಬಿಡಿಸಬೇಕಾಯಿತು.