ಸೂರ್ಯನಿಗಿಂತ ಹಿಂದೆ ಬಿದ್ದ ನನ್ನ ಗಡಿಯಾರ

ಗೆಳೆಯರೇ, ಇವತ್ತು ನಾನು ಮಾಡಿದ ಗಡಿಯಾರ ನಮ್ಮ ಕಾಕಾನ ಊಟ ತಪ್ಪಿಸಿತು. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಕೂರಿಸಿ, ಕೆಂಪು ಅಂಕಿಗಳು ಹೊಳೆಯುವ ಹಾಗೆ ಮಾಡಿ, ಬೆಳಿಗ್ಗೆಯೇ ಅಡುಗೆಮನೆಯಲ್ಲಿಟ್ಟಿದ್ದೆ. ನಮ್ಮದು ಅಥಣಿ ಕಡೆಯ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಜ್ಜಿ ಯಾರಿಗೂ ಬಡಿಸುವುದಿಲ್ಲ.

ಕಾಕಾ ದ್ರಾಕ್ಷಿ ತೋಟದಿಂದ ಬಂದಾಗ ಹೊರಗೆ ಸೂರ್ಯ ಆಗಷ್ಟೇ ಮುಳುಗಿದ್ದ. ಇವತ್ತು ಹೊತ್ತು ಮುಳುಗುವುದು ಆರು ಗಂಟೆ ಐದು ನಿಮಿಷಕ್ಕೆ; ಗಡಿಯಾರ ಮಾತ್ರ ಇನ್ನೂ ಆರು ಗಂಟೆ ತೋರಿಸುತ್ತಿತ್ತು.

"ಅವ್ವಾ, ಈಗರೆ ಆರ ಆಗೈತಿ. ತಾಟ ಹಾಕು."

"ಹೊರಗ ನೋಡೋ, ಹೊತ್ತ ಮುಳುಗೈತಿ!"

"ಕಂಪ್ಯೂಟರ್ ಗಡಿಯಾರ ಸುಳ್ಳ ಹೇಳ್ತೈತೇನು?"

ಹೇಳುತ್ತದೆ ಎಂದು ನಾನೇ ಒಪ್ಪಿಕೊಳ್ಳಬೇಕಾಯಿತು. ಅದು ಕರೆಂಟಿನ ಮಿಡಿತ ಎಣಿಸಿ ಹೊತ್ತು ತೋರಿಸುತ್ತದೆ. ಎಲ್ಲ ಕಡೆ ನೀರಿನ ಪಂಪುಗಳು ಒಟ್ಟಿಗೆ ಓಡಿದರೆ ಆ ಮಿಡಿತ ನಿಧಾನವಾಗಿ ಗಡಿಯಾರವೂ ಹಿಂದೆ ಬೀಳುತ್ತದೆ.

"ಮತ್ತ ಮುಂಜಾನಿಂದ ಪಂಪ್ ಹಚ್ಚಿದಾಂವ ಯಾರು?" ಎಂದಳು ಅಜ್ಜಿ. ಕಾಕಾ ಮತ್ತೆ ಗಡಿಯಾರದ ಕಡೆಗೇ ಬೆರಳು ತೋರಿಸಿದ.

"ಹಂಗಾರ ಆ ಡಬ್ಬಿಗೇ ಊಟಕ್ಕ ಹಾಕ್ತೀನಿ. ಅದರ ಹೊತ್ತ ಇನ್ನೂ ಮುಳುಗಿಲ್ಲ," ಎಂದಳು ಅಜ್ಜಿ.

ಈಗ ಕಾಕಾ ಉಪವಾಸ ಕೂತಿದ್ದಾನೆ. ಗಡಿಯಾರದ ಮುಂದೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ.