ಮೀನಿನ ವಾಸನೆಯಿಲ್ಲದ ಜಾಕೆಟ್‌ಗಳು

ಬಂದರಿನ ಜನ ಅವನಿಗಿಟ್ಟ ಹೆಸರು ಅನುಮಾನದಣ್ಣ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್. ಮೀನುದೋಣಿಗಳಲ್ಲಿ ದುಡಿಯುವವರಿಗೆ ನಿದ್ದೆ, ನೀರು, ಜೀವರಕ್ಷಕ ಜಾಕೆಟ್ ಸಿಗುತ್ತಿದೆಯೇ ಎಂದು ನೋಡುವುದು ಅವನ ಕೆಲಸ. "ನಮ್ಮ ಯಜಮಾನ್ರು ಕನ್ನಡಿ ನೋಡಿದ್ರೂ ಗುರುತಿನ ಚೀಟಿ ಕೇಳ್ತಾರೆ" ಎಂದು ಹೆಂಡತಿ ನಗುತ್ತಿದ್ದಳು.

ಆ ಅನುಮಾನ ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿತ್ತು. ಹದಿನಾರು ವರ್ಷ ಅವನೂ ಬಲೆ ಎಳೆದವನೇ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯ ಮುಂದೆ, ಮಾಲೀಕ ಬಾಯಿಪಾಠ ಮಾಡಿಸಿದಂತೆ, "ಎಲ್ಲಾ ಸರಿ ಇದೆ ಸಾರ್" ಅಂದಿದ್ದ. ಮೂರು ವಾರ ತುಂಬುವುದರೊಳಗೆ ಅದೇ ದೋಣಿಯಲ್ಲಿ ಹೆಂಡತಿಯ ಅಣ್ಣನ ಬಲಗೈ ಬಲೆ ಎಳೆಯುವ, ತಡೆಯಿಲ್ಲದ ಯಂತ್ರಕ್ಕೆ ಸಿಕ್ಕಿತು. ಭಾವ ಇವತ್ತಿಗೂ ಅಂಗಿಯ ಗುಂಡಿಯನ್ನು ಎಡಗೈಯೊಂದರಲ್ಲೇ ಹಾಕಿಕೊಳ್ಳುತ್ತಾನೆ.

ಆ ದಿನ ಬೆಳಿಗ್ಗೆ ನೀಲಿ ದೋಣಿಯೊಂದು ಹನ್ನೊಂದು ದಿನದ ಮೇಲೆ ದಡಕ್ಕೆ ಬಂತು. ಮಾಲೀಕನ ಮ್ಯಾನೇಜರ್ ತಾನೇ ಕೈಕೊಟ್ಟು ಇವನನ್ನು ಹತ್ತಿಸಿಕೊಂಡ. ಅತಿವಿನಯಂ ಧೂರ್ತಲಕ್ಷಣಂ ಎಂದುಕೊಂಡ ಅನುಮಾನದಣ್ಣ.

ಒಂಬತ್ತು ಜಾಕೆಟ್‌ಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನು ಮೂಗಿಗೆ ಹಿಡಿದ. ಹಲಗೆ, ಹಗ್ಗ, ಹಾಸಿಗೆ ಎಲ್ಲವೂ ಮೀನು ನಾರುತ್ತಿದ್ದವು. ಜಾಕೆಟ್‌ಗಳಿಗೆ ಮಾತ್ರ ಅಂಗಡಿಯ ಪ್ಲಾಸ್ಟಿಕ್ ವಾಸನೆ.

"ಯಾವಾಗ ತಂದ್ರಿ?"

"ಹೋದ ವರ್ಷಾನೇ ಸಾರ್. ಜೋಪಾನವಾಗಿ ಇಟ್ಕೊಂಡಿದೀವಿ."

ವಿಶ್ರಾಂತಿಯ ಪುಸ್ತಕದಲ್ಲಿ ಒಂಬತ್ತು ಜನವೂ ದಿನಾ ಹತ್ತಕ್ಕೆ ಮಲಗಿ ಆರಕ್ಕೆ ಎದ್ದಿದ್ದರು.

"ಚುಕ್ಕಾಣಿ ಹಿಡಿಯೋನೂ ಮಲಗಿದ್ನಾ? ಮತ್ತೆ ದೋಣಿ ನಡೆಸಿದ್ದು ಯಾರು, ಮೀನುಗಳಾ?"

ಮ್ಯಾನೇಜರ್ ಹಲ್ಲು ಕಿರಿದ. ಇಂಜಿನ್ ಕಾಗದ ತರಲು ಅವನನ್ನು ಆಫೀಸಿಗೆ ಕಳಿಸಿ, ಅನುಮಾನದಣ್ಣ ಜಾಕೆಟ್‌ಗಳ ಕಾಲರಿನ ಒಳಗೆ ಅಚ್ಚಾಗಿದ್ದ ನಂಬರುಗಳನ್ನು ಬರೆದುಕೊಂಡ. ಆಮೇಲೆ ಕೆಲಸಗಾರರನ್ನು ಒಬ್ಬೊಬ್ಬರಾಗಿ ಐಸ್ ಶೆಡ್ಡಿನ ಹಿಂದೆ ಕರೆದ. "ಎಲ್ಲಾ ಸರಿ ಇದೆ ಸಾರ್" ಅಂದ ಮೊದಲನೆಯವ. ಎರಡನೆಯವನೂ ಅದೇ. ಅನುಮಾನದಣ್ಣನಿಗೆ ತನ್ನದೇ ಹಳೆಯ ದನಿ ಕೇಳಿದಂತಾಯಿತು. ಒಬ್ಬನಂತೂ ಮುಖಕ್ಕೆ ಹೊಡೆದಂತೆ ಕೇಳಿದ: "ದೋಣಿ ನಿಂತ್ರೆ ನಾವು ಮನೇಲಿ ಕೂರೋರು. ನಿಮಗೇನು ಹೋಗುತ್ತೆ?"

ಕೊನೆಗೆ ಬಂದವನು ನರೆಗೂದಲ ಅಡುಗೆಯವ. ಅವನನ್ನು ನಿದ್ದೆಯ ಬಗ್ಗೆ ಕೇಳಲೇ ಇಲ್ಲ.

"ಚಹಾ ಎಷ್ಟು ಸಲ ಕಾಯಿಸ್ತೀಯಣ್ಣ?"

"ಎರಡು ಗಂಟೆಗೊಂದ್ಸಲ. ರಾತ್ರಿನೂ ಅಷ್ಟೇ. ಇಲ್ಲಾಂದ್ರೆ ನಿಂತಲ್ಲೇ ತೂಕಡಿಸ್ತಾರೆ..." ಎಂದವನು ನಾಲಿಗೆ ಕಚ್ಚಿಕೊಂಡ. ಅತ್ತಿತ್ತ ನೋಡಿ ಪಿಸುಗುಟ್ಟಿದ: "ಮಧ್ಯಾಹ್ನ ಪಕ್ಕದ ದೋಣಿಗೂ ಹೋಗ್ತೀರಲ್ಲ? ಜಾಕೆಟ್ ಸರಿಯಾಗಿ ನೋಡಿ. ನನ್ನ ಹೆಸರು ಬೇಡ."

ಅನುಮಾನದಣ್ಣ ಅವನನ್ನೂ ನಂಬಲಿಲ್ಲ. ಮ್ಯಾನೇಜರನ ಮೇಲಿನ ಹಗೆಗೆ ಹೇಳಿರಬಹುದು. ತನ್ನನ್ನು ಸಿಕ್ಕಿಸುವ ಗಾಳವೂ ಆಗಿರಬಹುದು. ಆದರೆ ಮಧ್ಯಾಹ್ನ ಅದೇ ಮಾಲೀಕನ ಪಕ್ಕದ ದೋಣಿಯಲ್ಲಿ ಕಾಲರ್ ಮಡಚಿ ನೋಡಿದಾಗ ಬೆಳಿಗ್ಗೆ ಬರೆದುಕೊಂಡ ಅದೇ ಒಂಬತ್ತು ನಂಬರುಗಳು!

ಎರಡೂ ದೋಣಿಗಳನ್ನು ತಡೆಹಿಡಿದ. ವರದಿಯಲ್ಲಿ ಜಾಕೆಟ್ ನಂಬರು, ಸುಳ್ಳು ವಿಶ್ರಾಂತಿ ಪುಸ್ತಕ, ತಡೆಯಿಲ್ಲದ ಬಲೆಯ ಯಂತ್ರ ಇಷ್ಟನ್ನೇ ಬರೆದ, ಅಡುಗೆಯವನ ಸುದ್ದಿ ಎತ್ತಲಿಲ್ಲ. ಬೇರೆ ಜಾಕೆಟ್‌ಗಳು ಬಂದು, ಯಂತ್ರಕ್ಕೆ ಕಬ್ಬಿಣದ ತಡೆ ಬಿದ್ದು, ಇಬ್ಬರು ಹೆಚ್ಚಿನ ಆಳು ಸೇರುವಷ್ಟರಲ್ಲಿ ಹನ್ನೆರಡು ದಿನ ಕಳೆಯಿತು. ಅಷ್ಟೂ ದಿನ ಕೆಲಸಗಾರರು ಅವನನ್ನು ಕಂಡಲ್ಲಿ ನೆಲಕ್ಕೆ ಉಗಿದರು.

ಮತ್ತೆ ಹೊರಡುವ ದಿನ ನೀಲಿ ದೋಣಿಯಲ್ಲಿ ಹೊಸ ಅಡುಗೆಯವನಿದ್ದ.

"ಹಳಬ ಮಗಳ ಮನೆಗೆ ಹೋದ ಸಾರ್" ಅಂದ ಮ್ಯಾನೇಜರ್.

ಅನುಮಾನದಣ್ಣ ನೇರ ಹಳೆಯ ಅಡುಗೆಯವನ ಮನೆಗೇ ಹೋದ. ಅವನು ಅರ್ಧ ಬಾಗಿಲು ತೆರೆದು, "ನೀವು ಬಂದಿದ್ದು ಯಾರಾದ್ರೂ ನೋಡಿದ್ರಾ?" ಅಂದ. ಮಗಳೇ ಇಲ್ಲದ ಮನುಷ್ಯ ಅವನು.

ಅಡುಗೆಯವನನ್ನು ಕೆಲಸದಿಂದ ತೆಗೆದದ್ದಕ್ಕೆ ಮಾಲೀಕನಿಗೆ ನೋಟಿಸ್ ಹೋಯಿತು. ಮೂರನೇ ವಿಚಾರಣೆಯಲ್ಲಿ ಅವನು ಮಣಿದು ಅಡುಗೆಯವನನ್ನು ವಾಪಸ್ ಸೇರಿಸಿಕೊಂಡ. ಈಗ ಆ ದೋಣಿಯವರು ಸರದಿಯಲ್ಲಿ ಮಲಗುತ್ತಾರೆ. ಅಡುಗೆಯವ ಮಾತ್ರ ಅನುಮಾನದಣ್ಣ ಎದುರಾದರೆ ಮುಖ ತಿರುಗಿಸುತ್ತಾನೆ. ಭಯಕ್ಕೋ ಸಿಟ್ಟಿಗೋ, ಕೇಳುವ ಧೈರ್ಯ ಇವನಿಗಿನ್ನೂ ಬಂದಿಲ್ಲ.