ತೊಳೆಯದೆ ಬಿಟ್ಟ ಬೆಸುಗೆ

ಆ ದಿನ ಬೆಲ್ ಹೊಡೆದಿರಲಿಲ್ಲ, ಮಹದೇವಮ್ಮ. ನೀವು ಹೇಳಿದ್ದೇ ನಿಜ. ಅದು ನನಗೆ ಮಾರನೆಯ ದಿನವೇ ಗೊತ್ತಾಗಿತ್ತು — ಕಣ್ಣಾರೆ ಕಂಡಿದ್ದೆ — ಕಂಡೂ ನಿಮ್ಮ ಎದುರಿಗೇ ನಿಂತು ಬೆಲ್ ಸರಿಯಾಗಿದೆ ಎಂದುಬಿಟ್ಟೆ. ನಾಲ್ಕು ವರ್ಷವಾಯಿತು. ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಮೂರು ಸಲ ಕೂತು ಎದ್ದಿದ್ದೇನೆ, ಒಂದು ಸಲ ಒಲೆಯ ಮೇಲೆ ಹಾಲು ಉಕ್ಕಿಸಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಇದನ್ನು ನಿಮ್ಮ ಮಗಳು ಓದಬೇಕು, ಲಲಿತಾ ಓದಬೇಕು. ನಿಮ್ಮನ್ನು ಕಂಡೇ ಇಲ್ಲದವರು ಓದಿದರೂ ತಪ್ಪು ಯಾರದು ಎಂಬುದರಲ್ಲಿ ಅನುಮಾನ ಉಳಿಯಬಾರದು.

ನಾನು ಸ್ಟೆಲ್ಲಾ. ಪಾಲಿಟೆಕ್ನಿಕ್ ಒಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡವಳು. ನಿವೃತ್ತಿಯಾದ ಮೇಲೂ ಹುಚ್ಚು ಬಿಡಲಿಲ್ಲ. ಕುವೆಂಪುನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಅರ್ಧ ಭಾಗ ಇವತ್ತಿಗೂ ವೈರು, ಬೆಸುಗೆ ಕಡ್ಡಿ, ಹಳೇ ರೇಡಿಯೋಗಳದ್ದು. ಲ್ಯಾಬಿನಲ್ಲಿ ನನಗಿದ್ದ ಹೆಸರು ಬ್ರಷ್ ಮಿಸ್ಸು. ಬೆಸುಗೆ ಹಿಡಿಯಲಿ ಎಂದು ಲೋಹಕ್ಕೆ ಮೊದಲು ಫ್ಲಕ್ಸ್ ಹಚ್ಚುತ್ತೇವೆ — ಅದು ಮೇಲಿನ ಕಿಲುಬನ್ನು ಬಿಡಿಸುತ್ತದೆ. ಕೆಲಸವಾದ ಮೇಲೆ ಉಳಿದ ಫ್ಲಕ್ಸನ್ನು ಸ್ಪಿರಿಟ್ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕು. ಹುಡುಗರು "ಕಾಣ್ಸಲ್ಲ ಬಿಡಿ ಮಿಸ್" ಎಂದು ಜಾರಿಕೊಳ್ಳುತ್ತಿದ್ದರು. ನಾನು ಬಿಡುತ್ತಿರಲಿಲ್ಲ. "ಈಗ ಕಾಣ್ಸಲ್ಲ, ಆರು ತಿಂಗಳಾದ್ಮೇಲೆ ಕಾಣ್ಸತ್ತೆ. ತಿಕ್ರೋ ಮೊದ್ಲು!" ತಿಕ್ಕದವರಿಗೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ.

ಅಂಥವಳು ನಾನು.

ಲಲಿತಾ ಅದೇ ಕಾಲೇಜಿನ ಆಫೀಸಿನಲ್ಲಿದ್ದವಳು, ನನ್ನ ಮೂವತ್ತು ವರ್ಷದ ಗೆಳತಿ. ಚಾಮರಾಜಪುರಂನಲ್ಲಿ ಅವಳ ಮನೆ. ಅವಳ ತಾಯಿಗೆ — ನಾವೆಲ್ಲ ಅಜ್ಜಿ ಎನ್ನುತ್ತಿದ್ದವರಿಗೆ — ಕೀಲುನೋವು ಹೆಚ್ಚಾಗಿ ಒಬ್ಬರೇ ಎದ್ದು ಓಡಾಡುವುದು ಕಷ್ಟವಾದಾಗ, ಮಂಡಕಳ್ಳಿಯಿಂದ ದಿನಾ ಬಂದು ನೋಡಿಕೊಳ್ಳಲು ನಿಮ್ಮನ್ನು ಗೊತ್ತುಮಾಡಿದಳು. ನೀವು ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಅಜ್ಜಿ ಕೂಗಿದರೆ ಕೇಳುತ್ತಿರಲಿಲ್ಲ, ಅವರ ದನಿ ಅಷ್ಟು ಸಣ್ಣದು. "ಒಂದು ಬೆಲ್ ಮಾಡ್ಕೊಡೇ" ಎಂದು ಲಲಿತಾ ಕೇಳಿದಳು. ಅಂಗಡಿಯ ಬೆಲ್ಲಿನ ಗುಂಡಿ ಅಜ್ಜಿಯ ಬೆರಳಿಗೆ ಬಿಗಿ. ಅದಕ್ಕೇ ನಾನು ಹಳೇ ಅಳತೆ ಟೇಪಿನ ಉಕ್ಕಿನ ಪಟ್ಟಿ ಕತ್ತರಿಸಿ, ಮುಟ್ಟಿದರೆ ಸಾಕು ಬಾಗುವಂಥ ಅಗಲವಾದ ಒತ್ತುಗುಂಡಿ ಮಾಡಿದೆ. ಮಾಡುವಾಗ ನನಗೆಷ್ಟು ಜಂಬವಿತ್ತೆಂದರೆ — ಹೋಗಲಿ.

ಆ ಉಕ್ಕಿಗೆ ಬೆಸುಗೆ ಹಿಡಿಯಲೇ ಇಲ್ಲ. ನಾನು ಯಾವಾಗಲೂ ಬಳಸುವ ರಾಳದ ಫ್ಲಕ್ಸ್ ಹಚ್ಚಿ ಹಚ್ಚಿ ಸೋತೆ, ಸೀಸ ಉಂಡೆಯುಂಡೆಯಾಗಿ ಉರುಳಿಹೋಗುತ್ತಿತ್ತು. ಕೊನೆಗೆ ಟಿಂಕರಿಂಗ್ ಅಂಗಡಿಗೆ ಹೋಗಿ, ತಗಡಿನ ಬಕೆಟ್ ಬೆಸೆಯಲು ಅವರು ಬಳಸುವ ಆಸಿಡ್ ಫ್ಲಕ್ಸನ್ನು ಸಣ್ಣ ಸೀಸೆಯಲ್ಲಿ ತಂದೆ. ಅದನ್ನು ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಮುಟ್ಟಲೇಬಾರದು ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತಿದ್ದೆ. ತೊಳೆಯದೆ ಬಿಟ್ಟರೆ ಗಾಳಿಯಲ್ಲಿನ ತೇವ ಹೀರಿಕೊಂಡು ತಾಮ್ರದ ತಂತಿಯನ್ನು ತಿಂದುಹಾಕುತ್ತದೆ. ಒಂದೇ ಒಂದು ಸಲ — ಆಮೇಲೆ ಚೆನ್ನಾಗಿ ತೊಳೆದರಾಯಿತು — ಅಂದುಕೊಂಡೆ. ಹಚ್ಚಿದ್ದೇ ತಡ, ಬೆಸುಗೆ ಹಿಡಿಯಿತು.

ತೊಳೆಯಲಿಲ್ಲ. ಸ್ಪಿರಿಟ್ ಮುಗಿದಿತ್ತು. ಲಲಿತಾ ಸ್ಕೂಟರ್ ತಂದು ಗೇಟಿನ ಹತ್ತಿರ ಹಾರ್ನ್ ಮಾಡುತ್ತಿದ್ದಳು. ಸೋಡಾಪುಡಿ ಕಲಸಿದ ನೀರಿನಲ್ಲಾದರೂ ಅದ್ದಬಹುದಿತ್ತು, ಎರಡು ನಿಮಿಷದ ಕೆಲಸ. ನಾಳೆ ಹೋಗಿ ಬಿಚ್ಚಿ ತೊಳೆದು ಬರೋಣ ಎಂದುಕೊಂಡು, ಮೇಲೆ ಗಟ್ಟಿಯಾಗಿ ಇನ್ಸುಲೇಷನ್ ಟೇಪ್ ಸುತ್ತಿ ಕೊಟ್ಟೆ. ಆಸಿಡ್ಡನ್ನು ಒಳಗೇ ಕೂಡಿಹಾಕಿದಂತಾಯಿತು.

ಆ ನಾಳೆ ಬರಲಿಲ್ಲ. ಹೋದಾಗಲೆಲ್ಲ ಅಜ್ಜಿ "ಬೆರ್ಳು ಸೋಕುದ್ರೆ ಸಾಕು ಕಣಮ್ಮ, ಮಾದೇವಿ ಓಡ್ಬಂದ್ಬುಡ್ತಾಳೆ" ಎಂದು ಎಲ್ಲರೆದುರು ಹೊಗಳುತ್ತಿದ್ದರು. ನೀವೂ ನಗುತ್ತಾ "ನಮ್ ಮಿಸ್ಸು ಮಾಡಿರಾದು" ಎನ್ನುತ್ತಿದ್ದಿರಿ. ಅಂಥ ಹೊತ್ತಿನಲ್ಲಿ ಬಿಚ್ಚಿ ಕೊಡಿ, ಅದರಲ್ಲೊಂದು ಕೆಲಸ ಬಾಕಿಯಿದೆ ಎನ್ನಲು ಬಾಯೇ ಬರಲಿಲ್ಲ. ಎಂಟು ತಿಂಗಳು ಹೀಗೇ ಕಳೆಯಿತು.

ಆಮೇಲೆ ಆ ಮಧ್ಯಾಹ್ನ. ನೀವು ಒಗೆಯುವ ಕಲ್ಲಿನ ಹತ್ತಿರ ಇದ್ದಿರಿ. ಅಜ್ಜಿ ಒತ್ತಿದರು, ಮತ್ತೆ ಒತ್ತಿದರು, ಯಾರೂ ಬರದಿದ್ದಾಗ ತಾವೇ ಎದ್ದು ಬಚ್ಚಲಿಗೆ ಹೊರಟು ಬಿದ್ದರು. ಸೊಂಟದ ಮೂಳೆ ಮುರಿಯಿತು. ಸಂಜೆ ಲಲಿತಾ ಆಸ್ಪತ್ರೆಯಿಂದ ಫೋನ್ ಮಾಡಿದಳು. ನನಗೆ ಅಜ್ಜಿಗಿಂತ ಮೊದಲು ನೆನಪಾದದ್ದು ಆ ಆಸಿಡ್ ಸೀಸೆ.

ಮಾರನೆಯ ಬೆಳಿಗ್ಗೆ ಹೋದೆ. ಲಲಿತಾ ನಿಮ್ಮ ಮೇಲೆ ಹರಿಹಾಯುತ್ತಿದ್ದಳು. "ನಾನ್ ಒತ್ತಿದ್ರೆ ಹೊಡಿಯತ್ತೆ, ಅಮ್ಮ ಒತ್ತಿದ್ರೆ ಹೊಡಿಯಲ್ವಾ? ಫೋನ್ ಹಿಡ್ಕೊಂಡ್ ಕೂತಿದ್ದೆ ತಾನೇ?"

"ಇಲ್ಲ ಕಣ್ರವ್ವ, ಬೆಲ್ಲು ಒಡೀನೇ ಇಲ್ಲ. ಮಾದಪ್ಪನಾಣೆ."

"ಸ್ಟೆಲ್ಲಾ, ನೀನೇ ನೋಡಿ ಹೇಳು. ನೀನ್ ಹೇಳಿದ್ಮೇಲೆ ಮುಗೀತು."

ಗುಂಡಿಯನ್ನು ಮನೆಗೆ ತಂದು ಟೇಪ್ ಬಿಚ್ಚಿದೆ. ಹಸಿರು ಕಿಲುಬು ದಪ್ಪಗೆ ಕೂತಿತ್ತು. ತಂತಿಯ ಎಳೆಗಳು ಒಣ ಶಾವಿಗೆಯ ಹಾಗೆ ಮುಟ್ಟಿದರೆ ಪುಡಿಯಾಗುತ್ತಿದ್ದವು. ಲಲಿತಾಳ ಹೆಬ್ಬೆರಳು ಬಲವಾಗಿ ಅದುಮಿದರೆ ಮುರಿದ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು. ಅಜ್ಜಿಯ ಬೆರಳಿಗೆ ಎಲ್ಲಿಂದ ಬರಬೇಕು ಆ ಬಲ?

ಸುಳ್ಳು ಹೇಳಬೇಕೆಂದು ಕೂತಿರಲಿಲ್ಲ. ಮೊದಲು ಸರಿಮಾಡಿ ಆಮೇಲೆ ಹೇಳೋಣ ಅಂದುಕೊಂಡೆ — ಹಾಗೆ ಅಂದುಕೊಂಡೆನೋ, ಈಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೋ. ಸೋಡಾ ನೀರಿನಲ್ಲಿ ತೊಳೆದೆ, ಸ್ಪಿರಿಟ್ ಹಾಕಿದೆ, ಬ್ರಷ್ಷಿನಿಂದ ಒಂದೊಂದು ಮೂಲೆಯನ್ನೂ ತಿಕ್ಕಿದೆ. ಹೊಸ ತಂತಿ ಬೆಸೆದೆ, ಮತ್ತೆ ತಿಕ್ಕಿದೆ. ಇಡೀ ಜೀವಮಾನದಲ್ಲಿ ಅಷ್ಟು ಚೊಕ್ಕಟವಾಗಿ ನಾನು ಯಾವ ಬೆಸುಗೆಯನ್ನೂ ತೊಳೆದಿರಲಿಲ್ಲ. ಎಂಟು ತಿಂಗಳು ಮಾಡದೆ ಬಿಟ್ಟ ಕೆಲಸವನ್ನು ಆ ದಿನ ಮಾಡಿದೆ, ಮಾಡಿ ನಿಮ್ಮ ಮಾತಿಗಿದ್ದ ಒಂದೇ ಸಾಕ್ಷಿಯನ್ನು ಸಿಂಕಿನಲ್ಲಿ ಚೆಲ್ಲಿಬಿಟ್ಟೆ.

ಸಂಜೆ ಗುಂಡಿಯನ್ನು ಲಲಿತಾಳ ಕೈಗಿಟ್ಟು ಹೇಳಿದೆ: "ಬೆಲ್ ಸರಿಯಾಗೇ ಇದೆ ಲಲಿತಾ."

ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಿರಿ. "ಸರ್ಯಾಗ್ ನೋಡುದ್ರಾ ಮಿಸ್ಸೇ?"

"ನೋಡ್ದೆ."

ಜಗಳವಾಡುತ್ತೀರಿ ಅಂದುಕೊಂಡಿದ್ದೆ. ಆಡಿದ್ದರೆ ಬಹುಶಃ ನಾನು ಬಾಯಿಬಿಡುತ್ತಿದ್ದೆ. ನೀವು ಸೆರಗಿನಿಂದ ಕಿವಿ ಒರೆಸಿಕೊಂಡಿರಿ, ಅಷ್ಟೇ. "ಅಂಗಾದ್ರೆ ನಂಗೇ ಕೇಳ್ನಿಲ್ವೇನೋ" ಎಂದಿರಿ. ಬ್ಯಾಗು ತೆಗೆದುಕೊಂಡು ಹೊರಟುಹೋದಿರಿ. ಅಜ್ಜಿ ಆಮೇಲೆ ಏಳು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡರು.

ಈ ನಾಲ್ಕು ವರ್ಷ ನೆಮ್ಮದಿಯಾಗಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಬೆಸೆದದ್ದನ್ನು ಹತ್ತು ಸಲ ತೊಳೆಯುತ್ತೇನೆ, ಎದ್ದು ಹೋಗಿ ಮತ್ತೆ ಬಂದು ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಪ್ರತಿ ವರ್ಷ ಈಸ್ಟರಿಗೆ ಮುಂಚೆ ಚರ್ಚಿನಲ್ಲಿ ಪಾಪನಿವೇದನೆಗೆ ಮಂಡಿಯೂರಿ, ಸಿಟ್ಟು ಮಾಡಿಕೊಂಡೆ, ಎರಡು ಭಾನುವಾರ ಪೂಜೆ ತಪ್ಪಿಸಿದೆ, ಒಂದೆರಡು ಸುಳ್ಳು ಹೇಳಿದೆ — ಹೀಗೆ ನಿಮ್ಮನ್ನು ಆ 'ಒಂದೆರಡು' ಎಂಬುದರೊಳಗೆ ಬಚ್ಚಿಟ್ಟು ಎದ್ದು ಬರುತ್ತಿದ್ದೆ. ನಿಮಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ, ನೀವದನ್ನು ಮರೆತಿರುತ್ತೀರಿ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೂರು ವಾರದ ಹಿಂದೆ ನಮ್ಮ ಬೀದಿಯ ಮೆಸ್ಸಿನ ಹಿಂಬಾಗಿಲಲ್ಲಿ ನೀವು ಈರುಳ್ಳಿ ಹೆಚ್ಚುತ್ತಾ ಕೂತಿದ್ದಿರಿ. ನಾನು ಕಂಡೂ ಕಾಣದ ಹಾಗೆ ದಾಟಿಹೋಗಬೇಕೆಂದಿದ್ದೆ. ನೀವೇ ಕರೆದಿರಿ. "ಮಿಸ್ಸೇ! ಚೆನ್ನಾಗಿದ್ದೀರಾ?" ನಾನು ಏನೋ ಗೊಣಗಿದೆ. ನೀವು ಮುಂದಕ್ಕೆ ಬಾಗಿ ನನ್ನ ತುಟಿಯನ್ನೇ ನೋಡಿದಿರಿ. ಯಾಕೆ ಹಾಗೆ ನೋಡುತ್ತೀರಿ ಎಂದು ಕೇಳಿದೆ.

"ಕಿವಿ ಸರೀಗಿಲ್ವಲ್ಲ ಮಿಸ್ಸೇ. ಅದ್ಕೇ ಅಜ್ಜೀರ್ನ ನೋಡ್ಕೊಳೋ ಕೆಲ್ಸ ಬುಟ್ಬುಟ್ಟೆ. ಈರುಳ್ಳಿ ಎಚ್ಚಾಕೆ ಕಿವಿ ಯಾಕೆ, ಕಣ್ಣೀರಿದ್ರೆ ಸಾಕು!" ನಕ್ಕಿರಿ ನೀವು. "ಪರೀಕ್ಷೆ ಮಾಡುಸ್ದೆ, ಕಿವಿ ಚೆನ್ನಾಗದೆ ಅಂದ್ರು. ಮಿಸಿನ್ಗೆ ಏನ್ ಗೊತ್ತು ಬುಡಿ. ನೀವು ಕಣ್ಣಾರ ನೋಡಿ ಯೋಳುದ್ರಲ್ಲ, ನೀವ್ಯಾಕೆ ಸುಳ್ಳು ಯೋಳೀರಿ."

ಅಯ್ಯೋ ದೇವರೇ. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಮಗಳ ವಿಷಯ ಹೇಳಿದಿರಿ. ಹೆಣ್ಣು ಮಗುವಾಗಿದೆ, ಐದು ತಿಂಗಳು. ಬರುವ ಒಂದನೇ ತಾರೀಖಿಗೆ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಮಗುವನ್ನು ನೋಡಿಕೋ ಎಂದು ಅಳುತ್ತಾ ಕೇಳುತ್ತಾಳೆ. ನೀವು ಒಪ್ಪಿಲ್ಲ. "ಒಂಟಿಯಾಗ್ ನನ್ ಕೈಲಿ ಬುಟ್ಟೋದ್ರೆ, ಮಗಾ ಅತ್ತು ನಂಗ್ ಕೇಳ್ದೇ ಓದ್ರೆ? ಅಜ್ಜಿ ಬಿದ್ದಂಗೆ ಏನಾರಾ ಆಗೋದ್ರೆ? ಬ್ಯಾಡ ಕಣವ್ವ ಅಂದ್ಬುಟ್ಟೆ."

ಆಗಲೇ ಹೇಳಬೇಕಿತ್ತು. ಅಲ್ಲೇ, ಆ ಈರುಳ್ಳಿ ಸಿಪ್ಪೆಯ ರಾಶಿಯ ಪಕ್ಕದಲ್ಲೇ. ಒಳಗಿನಿಂದ ಯಾರೋ ಕೂಗಿದರು, ನೀವು ಥಟ್ಟನೆ ತಿರುಗಿ "ಬಂದೇ" ಎಂದಿರಿ. ಎಷ್ಟು ಚೆನ್ನಾಗಿ ಕೇಳಿಸಿತ್ತು ನಿಮಗೆ! ನೀವು ಗಮನಿಸಲಿಲ್ಲ. ನಾನು ಗಮನಿಸಿದೆ, ಗಮನಿಸಿ ಮನೆಗೆ ಬಂದುಬಿಟ್ಟೆ.

ಹೋದ ಶನಿವಾರ ಚರ್ಚಿಗೆ ಹೋಗಿ, ಈ ಸಲ 'ಒಂದೆರಡು' ಎನ್ನದೆ ಎಲ್ಲವನ್ನೂ ಹೇಳಿದೆ. ಫಾದರ್ ಕೇಳಿದರು, "ಅವ್ರಿಗೆ ಹೇಳಿದ್ರಾ?"

"ಇಲ್ಲ ಫಾದರ್."

"ಮತ್ತೆ ಮೊದ್ಲು ಇಲ್ಲಿಗ್ಯಾಕೆ ಬಂದ್ರಮ್ಮ?"

ನಿನ್ನೆ ಲಲಿತಾಳಿಗೆ ಹೇಳಿದೆ. ಫೋನನ್ನು ಮೇಜಿನ ಮೇಲಿಟ್ಟು ಮಾತಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಅಮ್ಮ ಸಾಯೋವರೆಗೂ ಮಹದೇವಮ್ಮನ್ನ ಬೈದ್ಲು ಕಣೇ. ನಾನೂ ಬೈದೆ. ನೀನು ಪಕ್ಕದಲ್ಲಿ ಕೂತು ಕಾಫಿ ಕುಡೀತಿದ್ದೆ" ಎಂದು ಫೋನ್ ಇಟ್ಟಳು. ಆಮೇಲೆ ಮಾಡಿಲ್ಲ. ಮಾಡುತ್ತಾಳೋ ಇಲ್ಲವೋ.

ಸ್ಪಿರಿಟ್ ಮುಗಿದಿತ್ತು, ಹಾರ್ನ್ ಕೇಳಿಸಿತು, ಹೊಗಳಿಕೆ ಹಿತವಾಗಿತ್ತು — ಇವೆಲ್ಲ ನಡೆದದ್ದು ನಿಜ, ಇವು ಯಾವುವೂ ನೆಪವಾಗಬಾರದು. ಗುಂಡಿ ಕೆಟ್ಟದ್ದು ನನ್ನ ಸೋಮಾರಿತನದಿಂದ. ನಿಮ್ಮ ಕಿವಿಯನ್ನು ನಿಮ್ಮಿಂದ ಕಿತ್ತುಕೊಂಡದ್ದು ನಾನು ಬೇಕೆಂದೇ ಮಾಡಿದ್ದು. ಕ್ಷಮಿಸಿ ಎಂದು ಕೇಳುವುದಕ್ಕೂ ಹೆದರಿಕೆಯಾಗುತ್ತದೆ. ನೀವು ಒಳ್ಳೆಯವರು, ಕೇಳಿದ ತಕ್ಷಣ "ಓಗ್ಲಿ ಬುಡಿ ಮಿಸ್ಸೇ" ಎಂದುಬಿಡುತ್ತೀರಿ. ಅಷ್ಟು ಸುಲಭವಾಗಿ ಬಿಡಬೇಡಿ.

ಭಾನುವಾರ ಪೂಜೆ ಮುಗಿಸಿ ಮಂಡಕಳ್ಳಿಗೆ ಬರುತ್ತೇನೆ. ಒಂದನೇ ತಾರೀಖಿಗೆ ಇನ್ನೂ ನಾಲ್ಕು ದಿನ ಇರುತ್ತದೆ. ಈ ಹಾಳೆಗಳನ್ನು ನಿಮ್ಮ ಮಗಳ ಕೈಗೆ ಕೊಡುತ್ತೇನೆ, ಅವಳು ಏನಂದರೂ ಅನ್ನಿಸಿಕೊಳ್ಳುತ್ತೇನೆ. ಮಗು ಮಲಗಿದ್ದರೆ ಎಬ್ಬಿಸಬೇಡಿ. ನೀವು ತೊಟ್ಟಿಲ ಹತ್ತಿರವೇ ಕೂತಿರಿ, ನನ್ನ ತುಟಿ ನೋಡಬೇಡಿ. ನಾನು ಬಾಗಿಲ ಬಳಿಯೇ ನಿಂತು, ಮಗುವಿಗೆ ಎಚ್ಚರವಾಗದಷ್ಟು ಮೆಲ್ಲಗೆ ಇದನ್ನೆಲ್ಲ ಹೇಳುತ್ತೇನೆ. ನಿಮಗೆ ಕೇಳಿಸುತ್ತದೆ.